ಎರಡು ಫೂಟಿಗೆ ಬಂಡೆ

ಬೀರಣ್ಣ ಹಾರಿಯನ್ನು ಮೂರನೆಯ ಸಲ ಎತ್ತಿ ಹಾಕಿದಾಗ ನೆಲ ಠಣ್ ಎಂದಿತು. ತಗ್ಗು ಇನ್ನೂ ಮೊಣಕಾಲು ದಾಟಿರಲಿಲ್ಲ. ಏಪ್ರಿಲ್ ಬಿಸಿಲಿಗೆ ಕಾದ ಕಬ್ಬಿಣ ಪುಟಿದೆದ್ದು ಅವನ ಮುಂಗೈಯಿಂದ ಭುಜದವರೆಗೆ ಜುಮ್ಮೆನ್ನಿಸಿತು. ದಂಡೆಯ ಮೇಲೆ ಛತ್ರಿ ಹಿಡಿದು ನಿಂತಿದ್ದ ಕಂತ್ರಾಟದಾರ ನಾಗಲಿಂಗ, ಏನು ಹತ್ತಿತು ಎಂದು ಕೇಳಿದ.

"ಖಡಕ್ ಐತ್ರಿ," ಎಂದ ಬೀರಣ್ಣ.

ನಾಗಲಿಂಗನಿಗೆ ಅಷ್ಟೇ ಬೇಕಾಗಿತ್ತು. ಕಿಸೆಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ಬಿಡಿಸಿ, ಬಾಜೂಕ್ಕೆ ನಿಂತಿದ್ದ ಮನೆಯೊಡತಿಯ ಮುಂದೆ ಹಿಡಿದ. ಕಾಗದದಲ್ಲಿದ್ದದ್ದೇ ನೆಲದಲ್ಲೂ ಇದೆ, ಇನ್ನು ಎರಡು ಫೂಟಿನ ಪಾಯಾಕ್ಕೆ ಕಲ್ಲು ಕೂರಿಸುವುದಷ್ಟೇ ಬಾಕಿ, ಸೋಮವಾರ ಗೌಂಡಿಗಳು ಬರುತ್ತಾರೆ, ಮಳೆ ಹಿಡಿಯುವ ಮೊದಲೇ ಹೊಸ ಮನೆಯಲ್ಲಿ ಹಾಲು ಉಕ್ಕಿಸಬಹುದು ಎಂದು ಹೇಳಿದ.

ಮನೆಯೊಡತಿ ಶಿವಬಸವ್ವ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಗಂಡ ತೀರಿಕೊಂಡು ಎಂಟು ವರ್ಷ. ಶಾಲೆಗೆ ಹೋಗುವ ಮಗಳನ್ನು ಕಟ್ಟಿಕೊಂಡು, ಅಡುಗೆಯ ಒಲೆ ಮತ್ತು ಹಾಸಿಗೆ ಒಂದನ್ನೊಂದು ಮುಟ್ಟುವಂಥ ಒಂದೇ ಖೋಲಿಯಲ್ಲಿ ಬಾಡಿಗೆಗಿದ್ದವಳು. ಪೀರನವಾಡಿಯ ಈ ಪ್ಲಾಟಿನ ಮೇಲೆ ಎರಡು ಖೋಲಿ, ಒಂದು ಪಡಸಾಲೆ ಏಳಬೇಕೆಂಬುದು ಆಕೆಯ ಬದುಕಿನ ಲೆಕ್ಕವೆಲ್ಲ. ಕಾಗದವನ್ನು ಎರಡು ಸಲ ಓದಿ ತಲೆಯಾಡಿಸಿದಳು. ಓದು ಬಲ್ಲವರಿಗೆ ಕಾಗದದ ಮೇಲೆ ಇರುವ ಭರವಸೆ ನೆಲದ ಮೇಲೆ ಇರುವುದಿಲ್ಲ. ಇಬ್ಬರೂ ಹೊರಟುಹೋದರು.

ಬೀರಣ್ಣ ಮಾತ್ರ ತಗ್ಗಿನಲ್ಲೇ ನಿಂತ. ಆ ಕಾಗದ ಅವನಿಗೆ ಬಾಯಿಪಾಠ. ಅದನ್ನು ಓದಿ ಕಲಿತದ್ದಲ್ಲ, ಮಂದಿ ಅವನ ಮುಖಕ್ಕೆ ಎಸೆದು ಕಲಿಸಿದ್ದು.

ಕಾಗದದ ಹುಟ್ಟು ಹೀಗೆ. ಹತ್ತೊಂಬತ್ತು ವರ್ಷದ ಹಿಂದೆ, ಅರವತ್ತೆರಡರ ಮೇ ತಿಂಗಳಲ್ಲಿ, ಈ ಹೊಲವನ್ನು ಪ್ಲಾಟು ಮಾಡಿ ಮಾರಲು ಹೊರಟ ಸಾವಕಾರನೊಬ್ಬ ನೆಲದ ಪರೀಕ್ಷೆಗೆಂದು ಖಾನಾಪುರದಿಂದ ಒಬ್ಬ ಓವರ್ಸಿಯರನನ್ನು ಕರೆಸಿದ. ನಾಲ್ಕು ಮೂಲೆಗೆ ನಾಲ್ಕು ಗುಂಡಿ ತೋಡಿಸಿದರು. ಓವರ್ಸಿಯರ ಕಂಡದ್ದನ್ನು ತನ್ನ ಪುಸ್ತಕದಲ್ಲಿ ಮರಾಠಿಯಲ್ಲಿ ಬರೆದುಕೊಂಡ. ಐದು ವರ್ಷದ ಮೇಲೆ ಪ್ಲಾಟು ಮಾರುವಾಗ ಸಾವಕಾರನ ಗುಮಾಸ್ತ ಅದನ್ನು ಕನ್ನಡಕ್ಕಿಳಿಸಿ, ಟೈಪು ಮಾಡಿಸಿ, ಒಂದೊಂದು ಖರೀದಿ ಪತ್ರಕ್ಕೂ ಒಂದೊಂದು ಪ್ರತಿ ಹಚ್ಚಿದ. ‘ನಾಲ್ಕೂ ಗುಂಡಿಗಳಲ್ಲಿ ಎರಡು ಫೂಟಿಗೆ ಬಂಡೆ ಹತ್ತಿರುತ್ತದೆ. ಗುಂಡಿ ತೋಡಿದವನು ಮೈಲಾರಲಿಂಗ, ಹೆಬ್ಬೆಟ್ಟು ಒತ್ತಿರುತ್ತಾನೆ.’

ಮೈಲಾರಲಿಂಗ ಬೀರಣ್ಣನ ಅಪ್ಪ.

ಆ ಕಾಗದ ನಂಬಿ ಈ ಸಾಲಿನಲ್ಲಿ ಮೊದಲು ಮನೆ ಕಟ್ಟಿಸಿದವನು ತಮ್ಮಣ್ಣ, ಪೇಟೆಯಲ್ಲಿ ಕಾಳು ತೂಗುವ ಕೆಲಸದವ. ತಕ್ಕಡಿಯ ಮುಳ್ಳು ಕೂದಲೆಳೆ ಅತ್ತಿತ್ತ ಆದರೂ ಮತ್ತೆ ತೂಗುವ ಮನುಷ್ಯ. ಅಂಥವನು ಕಾಗದವನ್ನು ಮಾತ್ರ ತೂಗಿ ನೋಡಲಿಲ್ಲ. ಎರಡು ಫೂಟಿನ ಪಾಯಾದ ಮೇಲೆ ದಪ್ಪ ಗೋಡೆ ಎಬ್ಬಿಸಿದ. ಮರುವರ್ಷದ ಶ್ರಾವಣದಲ್ಲಿ ಇಪ್ಪತ್ತು ದಿನ ಬಿಡದೆ ಸುರಿದ ಮಳೆಗೆ ಅಡುಗೆಮನೆಯ ಗೋಡೆ ಹೊಟ್ಟೆ ಉಬ್ಬಿಸಿ ಕುಳಿತು, ಒಂದು ಮುಂಜಾನೆ ಮಗ್ಗುಲಾಯಿತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಅಕ್ಕವ್ವ ಅದರ ಅಡಿಯಲ್ಲಿ ಹೋದಳು.

ಗೋಡೆಗೆ ಬೈಯಲಾಗುವುದಿಲ್ಲ, ಮಳೆಗೆ ಬೈಯಲಾಗುವುದಿಲ್ಲ. ಜನ ಕಾಗದ ತೆಗೆದರು, ಕಾಗದದಲ್ಲಿ ತೋಡಿದವನ ಹೆಸರಿತ್ತು. ಬಿಸಿಲಿಗೆ ಹೇಸಿ ಗೇಣುದ್ದ ಅಗೆದು ಬಂಡೆ ಎಂದು ಸುಳ್ಳು ಹೇಳಿದ್ದಾನೆ ಎಂದರು. ಅಕ್ಕವ್ವನ ಮಣ್ಣಿಗೆ ಬಂದಿದ್ದ ಮೈಲಾರಲಿಂಗನ ಕಾಲ ಬುಡಕ್ಕೆ ತಮ್ಮಣ್ಣ ಎಲ್ಲರೆದುರು ಉಗುಳಿದ. ಮೈಲಾರಲಿಂಗ ಹೇಳಿದ್ದು ಒಂದೇ ಮಾತು, ನಾ ಹಂಗ ಅಂದಿಲ್ರಿ. ಅಂದಿಲ್ಲದಿದ್ದರೆ ಹೆಬ್ಬೆಟ್ಟು ಯಾಕೆ ಒತ್ತಿದೆ ಎಂದು ಕೇಳಿದಾಗ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. ಅವತ್ತಿನಿಂದ ಅವನು ಹಾರಿ ಮುಟ್ಟಲಿಲ್ಲ. ಕಟ್ಟೆಯ ಮೇಲೆ ಕೂತು, ತಂಬಾಕು ಜಗಿಯುತ್ತ, ಆರು ವರ್ಷ ನೆಲ ನೋಡಿ ಸತ್ತ.

ಗೋಡೆ ಬಿದ್ದಾಗ ಬೀರಣ್ಣ ಐದನೆಯ ಇಯತ್ತೆ. ಅವನು ಶಾಲೆಯ ಹೊಸ್ತಿಲು ದಾಟಿದರೆ ಸಾಕು, ಹಿಂದಿನ ಬೆಂಚಿನಿಂದ ‘ಬಂಡಿ ಹತ್ತೇತಿ, ಬಂಡಿ ಹತ್ತೇತಿ’ ಎಂದು ಹಾಡು ಏಳುತ್ತಿತ್ತು. ಹದಿನೈದು ದಿನ ಕೇಳಿದ. ಹದಿನಾರನೆಯ ದಿನ ಹಾಡಿದವನ ತಲೆಯ ಮೇಲೆ ಪಾಟಿ ಒಡೆದು ಹೊರಬಿದ್ದವನು ಮತ್ತೆ ಅತ್ತ ತಲೆ ಹಾಕಲಿಲ್ಲ. ಅವನ ಸಿಟ್ಟು ಆವತ್ತಿನದೇ. ಅಪ್ಪನ ಹಾರಿಯನ್ನೇ ಹೊತ್ತು ಗುಂಡಿ ತೋಡಲು ನಿಂತ, ಎಲ್ಲರಿಗಿಂತ ಆಳಕ್ಕೆ ತೋಡಿದ, ಎಲ್ಲರಿಗಿಂತ ಹೆಚ್ಚು ಜಗಳಾಡಿದ. ಊರವರ ಮೇಲಿನ ಸಿಟ್ಟು ಊರಿಗೆ ಗೊತ್ತಿತ್ತು. ಅದಕ್ಕಿಂತ ದೊಡ್ಡ ಸಿಟ್ಟು ಅಪ್ಪನ ಮೇಲೆ ಇತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಸುಳ್ಳು ಹೇಳಿದ್ದಾನೆ ಎಂದೇ ಅವನೂ ನಂಬಿದ್ದ.

ಹದಿಮೂರು ವರ್ಷ ಈ ಓಣಿಯನ್ನು ತಪ್ಪಿಸಿ ಸುತ್ತುಹಾಕಿ ಓಡಾಡಿದವನು, ನಾಗಲಿಂಗ ಕರೆದಾಗ ಮಾತ್ರ ಒಲ್ಲೆ ಎನ್ನಲಿಲ್ಲ. ಅಪ್ಪ ಸುಳ್ಳಾಡಿದ ನೆಲವನ್ನು ತಾನೇ ಅಗೆದು ನೋಡಬೇಕಾಗಿತ್ತು. ಈಗ ನೆಲ ಠಣ್ ಎನ್ನುತ್ತಿತ್ತು. ಕಾಗದ ಖರೇ ಎನ್ನುತ್ತಿತ್ತು. ಹಾಗಾದರೆ ಬಾಜೂದ ಗೋಡೆ ಯಾಕೆ ಬಿತ್ತು?

ತಮ್ಮಣ್ಣನ ಮನೆ ಇನ್ನೂ ಅರ್ಧ ನಿಂತಿತ್ತು. ಬಿದ್ದ ಭಾಗದ ಕಲ್ಲು ಹಾಗೇ ಗುಪ್ಪೆಯಾಗಿ, ಅದರ ಮೇಲೆ ಹುಲ್ಲು ಬೆಳೆದು ಒಣಗಿತ್ತು. ಉಳಿದ ಎರಡು ಖೋಲಿಯಲ್ಲಿ ತಮ್ಮಣ್ಣ ಒಬ್ಬನೇ ಇದ್ದ. ಆ ಮನೆಯ ತಲಬಾಗಿಲು ಮಳೆಗಾಲದಲ್ಲಿ ಹೆಗಲು ಕೊಟ್ಟರೂ ತೆರೆಯದು. ಬೇಸಿಗೆಯಲ್ಲಿ ಚಿಲಕ ಹಾಕಿದ್ದರೂ, ಗಾಳಿಯ ಸುಳಿವಿಲ್ಲದ ಹೊತ್ತಿನಲ್ಲಿ, ಕಿರ್ ಎಂದು ತಾನಾಗಿಯೇ ತೆರೆಯುವುದು. ಅಕ್ಕವ್ವ ಬರುತ್ತಾಳೆ ಎಂದು ಪೀರನವಾಡಿಯ ಹೆಂಗಸರು ಅಲ್ಲಿ ಹಾಯುವಾಗ ಸೆರಗು ಬಿಗಿ ಹಿಡಿಯುತ್ತಿದ್ದರು. ತಮ್ಮಣ್ಣ ಯಾರ ಮಾತನ್ನೂ ಅಲ್ಲಗಳೆಯಲಿಲ್ಲ. ಬೇಸಿಗೆ ಹುಟ್ಟಿದೊಡನೆ ಬಾಗಿಲ ಹಿಂದೆ ಒಂದು ಚರಿಗೆ ನೀರು ತುಂಬಿಡುತ್ತಿದ್ದ.

ಈಗಲೂ, ನಡು ಮಧ್ಯಾಹ್ನ, ಬೀರಣ್ಣ ನೋಡುತ್ತಿದ್ದಂತೆ ಆ ಬಾಗಿಲು ಒಂದು ಗೇಣು ತೆರೆಯಿತು. ಯಾರೂ ಹೊರಗೆ ಬರಲಿಲ್ಲ. ಎಲೆಯೊಂದು ಅಲುಗಲಿಲ್ಲ. ಹಿಂದೆ, ತಾನು ಎತ್ತಿ ಹಾಕಿದ ಮಣ್ಣಿನ ಗುಪ್ಪೆಯ ಮೇಲೆ, ಯಾರೋ ಕೂತು ತಂಬಾಕಿನ ಗಂಟಲು ಸರಿಮಾಡಿಕೊಂಡಂತೆ ಆಯಿತು. ತಿರುಗಿ ನೋಡಲಿಲ್ಲ. ನೋಡಿದರೆ ಇರುವುದಿಲ್ಲ ಎಂಬುದು ಗೊತ್ತಿತ್ತು. ಇರಲಿಕ್ಕಿಲ್ಲ ಎಂಬುದಕ್ಕಿಂತ ಇದ್ದರೆ ಏನು ಕೇಳಲಿ ಎಂಬುದೇ ಅವನ ಅಂಜಿಕೆ.

ಆಗ ಒಂದು ಹಳೆಯ ಮಾತು ನೆನಪಾಯಿತು. ಅವನು ಸಣ್ಣವನಿದ್ದಾಗ ಅಪ್ಪ ಯಾವ ಗುಂಡಿ ತೋಡಿದರೂ ಅದೇ ದಿನ ನೆಲದ ಮಾತು ಹೇಳುತ್ತಿರಲಿಲ್ಲ. ಗುಂಡಿಯ ತಳಕ್ಕೆ ನಾಲ್ಕು ಕೊಡ ನೀರು ಸುರಿದು ಮನೆಗೆ ಬರುವನು, ಮರುದಿನ ಹೋಗಿ ನೋಡುವನು. ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ ಕೊಡಬೇಕು, ಬಂದ ಕೆಲಸ ಏನೆಂದು ಆಮೇಲೆ ಕೇಳಬೇಕು. ನೆಲಕ್ಕೂ ಹಂಗ, ನೀರು ಕುಡಿಸದೆ ಅದರ ಮಾತು ಕೇಳಬಾರದು ಎನ್ನುತ್ತಿದ್ದ.

ಗೌಂಡಿಗಳಿಗೆಂದು ತುಂಬಿಸಿಟ್ಟ ಬ್ಯಾರಲ್ಲಿನಿಂದ ಬೀರಣ್ಣ ನಾಲ್ಕು ಕೊಡ ನೀರು ಗುಂಡಿಗೆ ಸುರಿದ. ನೆಲ ಸದ್ದಿಲ್ಲದೆ ಕುಡಿಯಿತು.

ಮರುದಿನ ಶುಕ್ರವಾರ ಮುಂಜಾನೆ ಹೋಗಿ ಹಾರಿಯನ್ನು ತಳಕ್ಕೆ ಊರಿ ಕೈ ಬಿಟ್ಟ. ಹಾರಿ ತನ್ನ ಭಾರಕ್ಕೆ ತಾನೇ ಇಳಿಯತೊಡಗಿತು. ಗೇಣು ಇಳಿಯಿತು, ಮೊಳ ಇಳಿಯಿತು. ಎಳೆದು ತೆಗೆದರೆ ತುದಿಗೆ ನಾದಿದ ಹಿಟ್ಟಿನಂಥ ಬೂದಿಬಣ್ಣದ ಜೇಡಿ ಹತ್ತಿತ್ತು. ಖಾನಾಪುರದ ಕುಂಬಾರರು ಗಡಿಗೆ ಮಾಡುವ ಮಣ್ಣಿನ ತಮ್ಮನಂಥದು. ಒಣಗಿದರೆ ಕಬ್ಬಿಣ ಪುಟಿಯುವಷ್ಟು ಗಟ್ಟಿ, ನೆನೆದರೆ ಹಾಸಿಗೆಗಿಂತ ಮೆತ್ತಗೆ. ಎರಡು ಫೂಟಿಗೆ ಬಂಡೆ ಇರಲಿಲ್ಲ. ಎಂದೂ ಇದ್ದಿಲ್ಲ.

ಬೀರಣ್ಣ ಗುಂಡಿಯ ದಂಡೆಗೆ ಕುಸಿದು ಕೂತ. ಅಪ್ಪನಿಗೆ ನೀರು ಕುಡಿಸಿ ನೋಡುವುದು ಗೊತ್ತಿತ್ತು. ಗೊತ್ತಿದ್ದೂ ಬಂಡೆ ಎಂದ. ಹಾಗಾದರೆ ಸುಳ್ಳೇ. ಈಗ ಈ ನರ್ಸಬಾಯಿಯ ಮನೆ ನಿಲ್ಲಿಸಬೇಕೆಂದರೆ ಬೀರಣ್ಣ ತನ್ನ ಬಾಯಿಯಿಂದಲೇ, ಊರವರೆದುರು, ನಮ್ಮಪ್ಪ ಸುಳ್ಳುಗಾರ ಎಂದು ಸಾರಬೇಕು. ಸಾರದಿದ್ದರೆ ಇನ್ನೊಂದು ಶ್ರಾವಣಕ್ಕೆ ಇನ್ನೊಂದು ಒಲೆ, ಅದರ ಮುಂದೆ ಒಬ್ಬ ತಾಯಿ, ಒಬ್ಬ ಮಗಳು.

ನಾಗಲಿಂಗ ಬಂದಾಗ ಮೊದಲು ಮಣ್ಣನ್ನಷ್ಟೇ ತೋರಿಸಿದ. ನಾಗಲಿಂಗ ನಕ್ಕ. ನೀರು ಹಾಕಿದರೆ ಯಾವ ಮಣ್ಣು ನೆನೆಯುವುದಿಲ್ಲ, ನಾಳೆ ಸಕ್ಕರೆ ಕರಗಿತು ಎಂದೂ ನನಗೆ ಹೇಳುತ್ತೀಯಾ ಎಂದ. ಬೀರಣ್ಣ ಬಿಡದೆ, ಕಾಗದ ಸುಳ್ಳು ಎಂದ. ಆಗ ನಾಗಲಿಂಗನ ನಗು ಅಗಲವಾಯಿತು.

"ಅಪ್ಪ ತೋಡಿದ ಗುಂಡಿ ಮಗಾನ ನಂಬೂದಿಲ್ಲಂದ್ರ, ಊರ ಮಂದಿ ಮಗಾ ತೋಡಿದ್ದನ್ನ ಯಾಕ ನಂಬಬೇಕಲೇ? ಸುಳ್ಳ ಹೇಳೂದು ನಿಮ್ಮ ಮನಿತನದ ಕಸಬ ಐತಿ."

ಹಾರಿ ಹಿಡಿದ ಬೀರಣ್ಣನ ಕೈ ಒಂದು ಕ್ಷಣ ತನ್ನ ಮಾತು ಕೇಳಲಿಲ್ಲ. ಮೇಲಕ್ಕೆ ಹೋದ ಹಾರಿಯನ್ನು ಹೇಗೋ ನೆಲಕ್ಕೇ ಹಾಕಿದ. ಭಾನುವಾರ ಮನೆಯೊಡತಿ ಬಾಯಾರು ಬರುತ್ತಾರೆ, ಏನು ಬೊಗಳುವುದಿದ್ದರೂ ಅವರೆದುರು ಬೊಗಳು, ಸೋಮವಾರ ಮಾತ್ರ ಕಲ್ಲು ಕೂರುವುದು ಖರೇ ಎಂದು ಹೇಳಿ ನಾಗಲಿಂಗ ಸೈಕಲ್ಲು ಹತ್ತಿದ.

ಶನಿವಾರ ಬೀರಣ್ಣ ದೇಸೂರ ಸ್ಟೇಷನ್ನಿನವರೆಗೆ ನಡೆದು ಹೋಗಿ ಖಾನಾಪುರದ ಗಾಡಿ ಹಿಡಿದ. ಕಾಗದದ ಕೆಳಗೆ ಓವರ್ಸಿಯರನ ಹೆಸರಿತ್ತು, ಪಾಟಣೇಕರ. ಬದುಕಿದ್ದಾನೋ ಇಲ್ಲವೋ ಗೊತ್ತಿರಲಿಲ್ಲ. ಬದುಕಿದ್ದರೆ ಕೊರಳಪಟ್ಟಿ ಹಿಡಿದು, ಗುಂಡಿಗೆ ಇಳಿದು ನೋಡದೆ ಹ್ಯಾಂಗ ಬರದಿ ಎಂದು ಕೇಳಬೇಕು. ಅಪ್ಪ ಸುಳ್ಳುಗಾರನೇ ಆಗಿದ್ದರೂ ಆ ಸುಳ್ಳಿಗೆ ಇನ್ನೊಬ್ಬ ಪಾಲುದಾರ ಇರಲಿ ಎಂಬುದು ಅವನ ಆಸೆ. ಎದುರಿನ ಸೀಟು ದಾರಿಯುದ್ದಕ್ಕೂ ಖಾಲಿ ಇತ್ತು. ಗಾಡಿಯಲ್ಲಿ ನಿಂತವರು ಇದ್ದರೂ ಯಾರೂ ಅಲ್ಲಿ ಕೂರಲಿಲ್ಲ.

ಪಾಟಣೇಕರ ಬದುಕಿದ್ದ. ಸ್ಟೇಷನ್ನಿನಿಂದ ಎರಡು ಓಣಿ ಆಚೆ, ಗಡಿಗೆಗಳನ್ನು ಬಿಸಿಲಿಗಿಟ್ಟ ಕುಂಬಾರರ ಸಾಲು ದಾಟಿದ ಮೇಲೆ, ಹೆಂಚಿನ ಮನೆಯ ಪಡಸಾಲೆಯಲ್ಲಿ ತೂಗುಮಂಚದ ಮೇಲೆ ಕೂತಿದ್ದ. ಕಣ್ಣಿಗೆ ಪರೆ ಬಂದಿತ್ತು, ಕೈ ನಡುಗುತ್ತಿತ್ತು. ಬಸ್ ಬಸ್ ಎಂದು ಮರಾಠಿಯಲ್ಲೇ ಕೂರಲು ಹೇಳಿ, ಒಳಗಿನಿಂದ ಅವಲಕ್ಕಿ ತರಿಸಿದ. ಕೊರಳಪಟ್ಟಿ ಹಿಡಿಯಲು ಹೋದವನ ಕೈಗೆ ಅವಲಕ್ಕಿಯ ತಾಟು ಬಂದು ಕೂತಿತು.

ಪೀರನವಾಡಿ, ಅರವತ್ತೆರಡು, ಮೈಲಾರಲಿಂಗ ಎಂದು ಹೇಳಿದ ಕೂಡಲೇ ಮುದುಕನಿಗೆ ನೆನಪಾಯಿತು. ಟ್ರಂಕಿನಲ್ಲಿ ಇಟ್ಟ ತನ್ನ ಹಳೆಯ ಪುಸ್ತಕಗಳನ್ನೆಲ್ಲ ತೆಗೆಸಿದ. ನೌಕರಿ ಮುಗಿದ ಮೇಲೂ ಒಂದನ್ನೂ ರದ್ದಿಗೆ ಹಾಕಿರಲಿಲ್ಲ. ಹುಡುಕಿದ ಪುಟ ಸಿಕ್ಕಿತು. ನಾಲ್ಕು ಗುಂಡಿಯ ನಾಲ್ಕು ಚೌಕ ಗೆರೆ, ಒಂದೊಂದರ ಮುಂದೆ ಮರಾಠಿಯಲ್ಲಿ ಒಂದೇ ಶಬ್ದ, ಕೆಳಗೆ ನೀಲಿ ಮಸಿಯಲ್ಲಿ ಅಪ್ಪನ ಹೆಬ್ಬೆಟ್ಟು. ಹೆಬ್ಬೆಟ್ಟಿನ ಅಡ್ಡ ಹಾರಿಯ ಗಾಯದ ಗೆರೆ ಕೂಡ ಹಾಗೇ ಇತ್ತು. ಬೀರಣ್ಣ ಐದನೆಯ ಇಯತ್ತೆಯಲ್ಲಿ ಹಿಂದಿಗೆಂದು ಕಲಿತ ನಾಗರಿ ಅಕ್ಷರ ಕೂಡಿಸಿ ಆ ಶಬ್ದ ಓದಿದ. ಖಡಕ.

"ಇದು ಖಡಕ್ ಅಂತ ಐತಲ್ರಿ. ಬಂಡಿ ಅಂತ ಎಲ್ಲೈತಿ?"

"ಅದೇ ಬಂಡಿ. ಖಡಕ ಅಂದ್ರ ಬಂಡಿಕಲ್ಲ ಅಲ್ಲೇನು?" ಎಂದ ಮುದುಕ.

"ಖಡಕ್ ಅಂದ್ರ ಗಟ್ಟಿ ಅಂತ್ರೀ. ಖಡಕ್ ರೊಟ್ಟಿ ಅನ್ನೂದಿಲ್ಲೇನು? ಒಣಗಿ ಬಿರುಸ ಆಗಿದ್ದು."

ಮುದುಕ ತೂಗುಮಂಚವನ್ನು ಕಾಲಿನಿಂದ ನಿಲ್ಲಿಸಿದ. "ಒಣಗಿ ಗಟ್ಟಿ ಆಗಿದ್ದಕ್ಕ ನಾವು ಕಡಕ ಅಂತೀವಿ ಮಗಾ. ಕಡಕ ಬ್ಯಾರೆ, ಖಡಕ ಬ್ಯಾರೆ. ನಾ ಆವಾಗ ರತ್ನಾಗಿರಿ ಕಡಿಂದ ಬಂದು ಮೂರು ತಿಂಗಳ ಆಗಿತ್ತು. ನಿಮ್ಮಪ್ಪ ಗುಂಡಿಯೊಳಗಿಂದ ಒದರಿದಾ, ಖಡಕ ಐತ್ರಿ ಸಾಹೇಬರ ಅಂತ. ಕಡಕ ಅನ್ನಲಿಲ್ಲ. ಅವಾ ಅಂದಿದ್ದ ಬರದೆ."

ಒಂದು ಅಕ್ಷರ. ಅಕ್ಷರವೂ ಅಲ್ಲ, ಅಕ್ಷರದ ಹಿಂದಿನ ಒಂದು ಉಸಿರು. ಮರಾಠಿಯಲ್ಲಿ ಆ ಉಸಿರು ಬಿಟ್ಟರೆ ಬಂಡೆ, ಬಿಡದಿದ್ದರೆ ಬರೀ ಗಟ್ಟಿ. ಕನ್ನಡದ ಬಾಯಿ ರೊಟ್ಟಿಗೂ ಆ ಉಸಿರು ಬಿಡುತ್ತದೆ, ಮಣ್ಣಿಗೂ ಬಿಡುತ್ತದೆ. ಬೀರಣ್ಣ ತಾನು ಮೊನ್ನೆ ಅದೇ ನೆಲದಲ್ಲಿ, ಅದೇ ಬಿಸಿಲಿನಲ್ಲಿ, ಏನು ಹತ್ತಿತು ಎಂದು ಕೇಳಿದ್ದಕ್ಕೆ ಕೊಟ್ಟ ಉತ್ತರ ನೆನೆದ. ಬಾಯಿ ತನ್ನದು, ಶಬ್ದ ಅಪ್ಪನದು. ನಾಗಲಿಂಗನೂ ಅದನ್ನು ಬಂಡೆ ಎಂದೇ ಕೇಳಿಸಿಕೊಂಡಿದ್ದ, ಕಾಗದ ಅವನ ಕಿವಿಯಲ್ಲಿ ಮೊದಲೇ ಕೂತಿತ್ತು.

ಇಳಿದು ನೋಡಲಿಲ್ಲವೇ ಎಂದು ಕೇಳಿದ. ಬಿಸಿಲಿತ್ತು, ಐದು ಗಂಟೆಯ ಗಾಡಿ ಇತ್ತು, ಹಾರಿಯ ಸದ್ದು ಮೇಲಿನಿಂದಲೇ ಕೇಳಿತ್ತು ಎಂದು ಮುದುಕ ಮುಚ್ಚುಮರೆಯಿಲ್ಲದೆ ಹೇಳಿದ. ನಡುವೆ ಏನೋ ನೆನಪಾಗಿ ಅವನ ಮುಖ ಅರಳಿತು.

"ಇನ್ನೊಂದ ಮಾತ ಅಂದಿದ್ದಾ ನೋಡು. ನೀರು ಕುಡಿಸಬೇಕ್ರಿ ಅಂತ. ಪಾಪ, ಬಿಸಿಲಾಗ ದಣದಾನ ಅಂತ ನಾ ನನ್ನ ತಂಬಿಗಿ ನೀರ ಕೊಟ್ಟೆ. ಮಂದಿ ಆ ಕಾಲಕ್ಕ ಎಲ್ಲಾರಿಗೂ ತಮ್ಮ ತಂಬಿಗಿ ಕೊಡತಿದ್ದಿಲ್ಲ. ನಾ ಕೊಟ್ಟೆ. ಕುಡದಾ, ಕೈ ಮುಗದಾ. ಆಮ್ಯಾಲ ಏನೂ ಅನ್ನಲಿಲ್ಲ."

ಬೀರಣ್ಣ ತಾಟನ್ನು ಕೆಳಗಿಟ್ಟ. ಅವನಿಗೆ ಎಲ್ಲ ಕಂಡಿತು. ಸಾಹೇಬ ಕೊಟ್ಟ ನೀರನ್ನು ಒಲ್ಲೆ ಎನ್ನಲು ಬಾಯಿ ಬಾರದೆ ಕುಡಿದ ಅಪ್ಪ. ನೀರು ನನಗಲ್ಲ, ನೆಲಕ್ಕೆ ಎಂದು ತಿದ್ದುವಷ್ಟರಲ್ಲಿ ಹೆಬ್ಬೆಟ್ಟಿಗೆ ಮಸಿ ಹಚ್ಚಿದ್ದರು. ಸಾಹೇಬ ಹೋದ ಮೇಲೆ ಗುಂಡಿಗೆ ತಾನೇ ನೀರು ಸುರಿದು, ಮರುದಿನ ಕೈತುಂಬ ಜೇಡಿ ಹಿಡಿದು, ಸಾಹೇಬ ಬರುತ್ತಾನೆಂದು ಸಂಜೆಯವರೆಗೆ ಅಲ್ಲಿ ಕೂತಿದ್ದಿರಬೇಕು. ಕೇಳುವವರು ಯಾರೂ ಬರಲಿಲ್ಲ. ಬರೆದಾಗಿತ್ತು. ಬರೆದದ್ದರ ಮೇಲೆ ಬಾಯಿಮಾತಿನ ಮನುಷ್ಯನನ್ನು ಯಾರು ಕೇಳುತ್ತಾರೆ?

ಸಿಟ್ಟನ್ನೆಲ್ಲ ಒಂದೇ ಮಾತಿಗೆ ಸುರಿದ. "ಸಾಹೇಬರ, ಈ ನಿಮ್ಮ ಖಡಕದ ಕೆಳಗ ಒಬ್ಬ ಹೆಣ್ಣಮಗಳು ಸತ್ತಾಳ."

ಗೋಡೆಯ ಸಂಗತಿ ಪೂರ್ತಿ ಹೇಳಿದ. ಮುದುಕನಿಗೆ ಅದೇನೂ ಗೊತ್ತಿರಲಿಲ್ಲ. ಬಹಳ ಹೊತ್ತು ಪುಟದ ಮೇಲೆ ಬೆರಳಾಡಿಸಿದ, ಕಾಣದ ಅಕ್ಷರವನ್ನು ಮುಟ್ಟಿ ಓದುವವನ ಹಾಗೆ. ಆಮೇಲೆ, ಯಾರೂ ಕೇಳದೆಯೇ, ಆ ಪುಟವನ್ನು ಹರಿದು ಬೀರಣ್ಣನ ಕೈಗಿಟ್ಟ. ಬಾಗಿಲವರೆಗೆ ತಡವರಿಸುತ್ತ ಬಂದು, ಮೈಲಾರಿ ಹೇಗಿದ್ದಾನೆ ಎಂದು ಕೇಳಿದ.

"ಅಲ್ಲೇ ಗುಂಡಿ ಬಾಜೂಕ ಕುಂತಾನ್ರಿ," ಎಂದ ಬೀರಣ್ಣ. ಕುಟುಕಲೆಂದೇ ಹೇಳಿದ್ದು. ಓಣಿಗೆ ಬಂದ ಮೇಲೆ ಅದು ಸುಳ್ಳಲ್ಲ ಅನ್ನಿಸಿತು.

ಭಾನುವಾರ ಹೊತ್ತು ಮೂಡುವುದರೊಳಗೆ ಬೀರಣ್ಣ ಪ್ಲಾಟಿನ ಪಡುವಣ ಮೂಲೆಯಲ್ಲಿ ಇನ್ನೊಂದು ಗುಂಡಿಗೆ ಕೈ ಹಾಕಿದ್ದ. ಪುಟದ ಗೆರೆಯ ಪ್ರಕಾರ ಅಪ್ಪನ ಮೂರನೆಯ ಗುಂಡಿ ಇದ್ದ ಜಾಗ ಅದು. ಮೂರು ಫೂಟಿಗೆ ಹಾರಿ ಠಣ್ ಎನ್ನಲೂ ಇಲ್ಲ, ಮೆತ್ತಗೆ ಇಳಿಯಲೂ ಇಲ್ಲ, ಕರಕರ ಎಂದಿತು. ಕರಿ ಬೂದಿ, ಒಡೆದ ಇಟ್ಟಂಗಿ, ಸುಟ್ಟ ಹೊಟ್ಟು. ಎಪ್ಪತ್ತರ ಸುಮಾರಿಗೆ ಇಲ್ಲಿ ಯಾರೋ ಎರಡು ವರ್ಷ ಇಟ್ಟಂಗಿ ಭಟ್ಟಿ ಹಾಕಿದ್ದರೆಂದು ಅವನು ಕೇಳಿದ್ದ. ಜೇಡಿ ತೆಗೆದು, ಇಟ್ಟಂಗಿ ಸುಟ್ಟು, ತಗ್ಗಿಗೆ ಕಸ ತುಂಬಿ ಹೋಗಿದ್ದರು. ಮೇಲೆ ಹುಲ್ಲು ಬೆಳೆದು ಎಲ್ಲ ಸಪಾಟಾಗಿತ್ತು. ಅಪ್ಪ ತೋಡಿದ ಗುಂಡಿ ಅಲ್ಲಿ ಈಗ ಇರಲೇ ಇಲ್ಲ. ಗುಂಡಿಯ ಸುತ್ತಲಿನ ನೆಲವೂ ಇರಲಿಲ್ಲ.

ಶಿವಬಸವ್ವ ಬಂದಳು, ಹಿಂದೆ ನಾಗಲಿಂಗ. ಬೀರಣ್ಣ ಮೊದಲ ಗುಂಡಿಯ ಜೇಡಿ ತೋರಿಸಿದ, ಎರಡನೆಯದರ ಬೂದಿ ತೋರಿಸಿದ, ಪುಸ್ತಕದ ಪುಟ ಬಿಚ್ಚಿ ಖಡಕ-ಕಡಕದ ಕತೆ ಹೇಳಿದ. ಹೇಳುತ್ತ ಹೇಳುತ್ತ ದನಿ ಏರಿಸಿದ. ಬಿದ್ದ ಗೋಡೆಯ ಗುಪ್ಪೆಯ ಆಚೆ ತಮ್ಮಣ್ಣ ನಿಂತು ಕೇಳುತ್ತಿರುವುದನ್ನು ಅವನು ಓರೆಗಣ್ಣಿನಲ್ಲಿ ನೋಡಿದ್ದ.

ನಾಗಲಿಂಗ ಹೆದರಿದವನಂತೆ ನಟಿಸಿದ. "ಬಾಯಾರ, ಹತ್ತೊಂಬತ್ತು ವರ್ಷದಾಗ ನೆಲಾ ಎದ್ದು ಓಡಿ ಹೋಗತೈತಿ ಅಂತ ಇವತ್ತ ಗೊತ್ತಾತು ನನಗ."

"ನೆಲಾ ಓಡೂದಿಲ್ಲ. ಮಂದಿ ಹೊತ್ಕೊಂಡು ಹೋಗತಾರ," ಎಂದ ಬೀರಣ್ಣ. ಬುಟ್ಟಿಯಷ್ಟು ಬೂದಿಯನ್ನು ನಾಗಲಿಂಗನ ಚಪ್ಪಲಿಯ ಮುಂದೆ ಸುರಿದ.

ಶಿವಬಸವ್ವ ಬಗ್ಗಿ ಬೂದಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದಳು. ಹಾಗಾದರೆ ಈ ಕಾಗದ ಸುಳ್ಳೇ ಎಂದು ಬೀರಣ್ಣನನ್ನು ಕೇಳಿದಳು. ಈ ಪ್ರಶ್ನೆಗೇ ಅವನು ಮೂರು ದಿನ ಅಂಜಿದ್ದು.

"ತೋಡಿದಾಂವ ಸುಳ್ಳ ಹೇಳಿಲ್ರಿ. ಬರದಾಂವನೂ ಸುಳ್ಳ ಬರದಿಲ್ಲ. ಆದರ ಅದು ಒಂದ ಬ್ಯಾಸಿಗಿ ಒಂದ ದಿನದ ಮಾತರಿ. ಅದರ ಮ್ಯಾಲ ನೀವು ಮಲಗೂದು ಎಲ್ಲಾ ಮಳಿಗಾಲ."

ಮನೆ ಈ ಮಳೆಗಾಲಕ್ಕೆ ಆಗುವುದಿಲ್ಲ ಎಂಬುದು ಆಕೆಯ ಮುಖದ ಮೇಲೆ ಮೆಲ್ಲಗೆ ಇಳಿಯುವುದು ಬೀರಣ್ಣನಿಗೆ ಕಾಣುತ್ತಿತ್ತು. ಒಂದೇ ಖೋಲಿ, ಒಲೆಗೆ ತಾಗುವ ಹಾಸಿಗೆ, ಇನ್ನೂ ಒಂದು ವರ್ಷ. ಕಡೆಗೆ ನಾಗಲಿಂಗನ ಕಡೆ ತಿರುಗಿದಳು. "ನಾಕ ವರ್ಷದ ಹಿಂದಿನ ರಕ್ತದ ಚೀಟಿ ಹಿಡಕೊಂಡು ಬಂದಾಂವಗ ನಮ್ಮ ಡಾಕ್ಟರು ಸೂಜಿ ಹಾಕೂದಿಲ್ರಿ. ಹೊಸಾ ರಕ್ತ ತಗೀತಾರ. ನಾ ಮನುಷ್ಯಾರಿಗೆ ಮಾಡೂದನ್ನ ಮನಿಗೆ ಮಾಡಲಿಲ್ಲ, ತಪ್ಪ ನಂದ." ಗೌಂಡಿಗಳು ಸೋಮವಾರ ಬರುವುದು ಬೇಡ, ಗಟ್ಟಿ ನೆಲ ಸಿಗುವವರೆಗೆ ಎಲ್ಲ ಮೂಲೆಯಲ್ಲೂ ಬೀರಣ್ಣ ಅಗೆಯಲಿ, ಅಗೆದ ಪ್ರತಿ ಗುಂಡಿಗೂ ನೀರು ಕುಡಿಸಲಿ, ಸಿಗದಿದ್ದರೆ ಮನೆಯೇ ಬೇಡ ಎಂದು ಹೇಳಿದಳು. ನಾಗಲಿಂಗ ಛತ್ರಿ ಮಡಚಿ, ತನಗೆ ಬೇರೆ ಊರಲ್ಲೂ ಕೆಲಸವಿದೆ ಎಂದು ಹೊರಟುಹೋದ. ಡ್ಯೂಟಿಗೆ ಹೊತ್ತಾಯಿತೆಂದು ಶಿವಬಸವ್ವನೂ ಹೊರಟಳು. ಹೋಗುವಾಗ ತಿರುಗಿ ತಿರುಗಿ ಬಯಲನ್ನು ನೋಡಿದಳು, ಅಲ್ಲಿ ಆಗಲೇ ಎದ್ದಿದ್ದ ಮನೆಯೊಂದನ್ನು ಬಿಟ್ಟು ಹೋಗುವವಳ ಹಾಗೆ.

ಆಮೇಲೆ ತಮ್ಮಣ್ಣ ಕಲ್ಲಿನ ಗುಪ್ಪೆ ದಾಟಿ ಬಂದ. ಹದಿಮೂರು ವರ್ಷದಲ್ಲಿ ಇಬ್ಬರೂ ಇಷ್ಟು ಹತ್ತಿರ ನಿಂತಿರಲಿಲ್ಲ. ಈ ಹೊತ್ತಿಗಾಗಿ ಬೀರಣ್ಣ ಎಷ್ಟೋ ಮಾತು ಮಸೆದಿಟ್ಟಿದ್ದ. ನಮ್ಮಪ್ಪನ ಕಾಲಿಗೆ ಉಗುಳಿದೆಯಲ್ಲ, ಈಗ ಆ ಉಗುಳನ್ನು ನೆಕ್ಕು ಎನ್ನಬೇಕಾಗಿತ್ತು. ತಮ್ಮಣ್ಣ ಕೈ ಚಾಚಿದ, ಬೀರಣ್ಣ ಪುಟವನ್ನು ಕೊಟ್ಟ. ಪೇಟೆಯಲ್ಲಿ ಎರಡೂ ಭಾಷೆಯ ಚೀಟಿ ಓದುವವನಿಗೆ ಆ ಒಂದು ಶಬ್ದ ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಮೊದಲ ಅಕ್ಷರದ ಮೇಲೆ ಹೆಬ್ಬೆರಳು ಇಟ್ಟ, ತೆಗೆದ, ಮತ್ತೆ ಇಟ್ಟ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಒಂದು ಮುಷ್ಟಿ ಹಸಿ ಜೇಡಿ ತೆಗೆದು ಹಿಸುಕಿದ. ಅದು ಬೆರಳ ಸಂದಿಯಿಂದ ಹೊರಬಂತು. ಅಂಗೈಯಲ್ಲಿ ಅದರ ತೂಕ ನೋಡುವವನಂತೆ ಒಮ್ಮೆ ಮೇಲೆ ಕೆಳಗೆ ಆಡಿಸಿದ.

"ಮುಂಜಾನಿ ಎದ್ದು ನಿಮ್ಮಪ್ಪಗ ಬೈದೆ. ಉಂಡ ಕೈ ತೊಳದು ಬೈದೆ. ಹದಿಮೂರು ವರ್ಷ," ಎಂದ. "ಇನ್ನ ಯಾರಿಗೆ ಬೈಲಿ ತಮ್ಮಾ?"

ಬೀರಣ್ಣ ಮಸೆದಿಟ್ಟ ಮಾತು ಹುಡುಕಿದ. ಒಂದೂ ಇರಲಿಲ್ಲ. ತಾನೂ ಅಷ್ಟೇ ವರ್ಷ ಅದೇ ಹೆಸರಿಗೆ ಒಳಗೊಳಗೇ ಬೈದಿದ್ದ. ಖಾನಾಪುರದ ಮುದುಕನ ನಡುಗುವ ಕೈ, ಆ ತಂಬಿಗೆಯ ನೀರು ಕಣ್ಣಿಗೆ ಬಂತು. ಬೈಯಲು ಅಲ್ಲೂ ಜಾಗ ಇರಲಿಲ್ಲ. ಬಾಯಿಗೆ ಬಂದದ್ದು ಬೇರೆ ಮಾತು.

"ಕಾಕಾ, ನಿಮ್ಮ ಮನಿ ಕೆಳಗೂ ಇದ ಐತ್ರಿ. ಬಾಗಲಾ ಹಿಡಕೊಳ್ಳೂದು, ಬಿಡೂದು, ಎಲ್ಲಾ ಈ ಮಣ್ಣಿನ ಆಟ. ಮಳಿ ಹಿಡಿಯೂದ್ರಾಗ ಅಲ್ಲಿಂದ ಹೊರಗ ಬರ್ರಿ."

ಹೇಳಿದ ಮೇಲೆ, ಬಾಗಿಲ ಹಿಂದಿನ ಚರಿಗೆ ನೆನಪಾಗಿ, ನಾಲಗೆ ಕಚ್ಚಿಕೊಂಡ. ತಮ್ಮಣ್ಣ ಅವನನ್ನೇ ನೋಡಿದ, ಸಿಟ್ಟಿನಿಂದಲ್ಲ, ಸಣ್ಣ ಕೂಸು ತಿಳಿಯದೆ ಏನೋ ಅಂದಾಗ ನೋಡುವ ಹಾಗೆ.

ಬೀರಣ್ಣ ಗುಂಡಿಗೆ ಇಳಿದ. ಮಾಡಲು ಅದೊಂದೇ ಇತ್ತು. ಮೆತ್ತಗಿನ ಜೇಡಿಯನ್ನು ಸಲಿಕೆಯಿಂದ ಕತ್ತರಿಸಿ ಬುಟ್ಟಿ ತುಂಬಿದ. ನಾಲ್ಕು ಫೂಟು, ಐದು ಫೂಟು. ಮಣ್ಣು ತಣ್ಣಗಾಗುತ್ತ ಹೋಯಿತು, ಮೇಲಿನ ಬಿಸಿಲು ಸಣ್ಣ ಚೌಕವಾಯಿತು. ಬುಟ್ಟಿ ಎತ್ತಿ ದಂಡೆಗಿಡಲು ಕೈ ಮೇಲೆ ಮಾಡಿದಾಗ ಅದು ಹಗುರಾಯಿತು. ತಮ್ಮಣ್ಣ ಮೇಲಿನಿಂದ ಹಿಡಿದುಕೊಂಡಿದ್ದ. ಒಯ್ದು ಸುರಿದು ಬಂದ, ಖಾಲಿ ಬುಟ್ಟಿ ಕೆಳಗೆ ಬಿಟ್ಟ, ಮುಂದಿನದಕ್ಕೆ ಕೈ ಚಾಚಿದ. ಹೀಗೇ ಬಹಳ ಬುಟ್ಟಿ ನಡೆಯಿತು.

ಹೊತ್ತು ಇಳಿಯುತ್ತ ಬಂದಾಗ, ತುಂಬಿದ ಬುಟ್ಟಿಯನ್ನು ಎದೆಗೆ ಆನಿಸಿಕೊಂಡು ತಿರುಗಿದ ತಮ್ಮಣ್ಣ ಒಂದು ಗಳಿಗೆ ನಿಂತ. ಬೀರಣ್ಣನಿಗಲ್ಲ, ತನ್ನ ಮುಂದೆ ದಾರಿಗಡ್ಡ ನಿಂತ ಯಾರಿಗೋ, ಬಾಗಿಲ ಹಿಂದೆ ಚರಿಗೆ ನೀರು ಇಡುವಾಗ ಮನೆಯಲ್ಲಿ ಆಡುವ ದನಿಯಲ್ಲಿ ಹೇಳಿದ.

"ತುಸು ಅತ್ತಾಗ ಸರಿ. ಕಾಲ ಮ್ಯಾಲ ಮಣ್ಣ ಬಿದ್ದೀತು."

ಬೀರಣ್ಣ ತಲೆ ಎತ್ತಿ ನೋಡಲಿಲ್ಲ. ಮೇಲೆ ಮಣ್ಣು ಸುರಿದ ಸದ್ದಾಯಿತು. ಅವನು ಮುಂದಿನ ಬುಟ್ಟಿ ತುಂಬತೊಡಗಿದ.